ಮೆಷಿನ್‌ನಿಂದ ನೀರು ಹೋಗ್ತಿಲ್ವಾ? ಮೊದಲು ಅಂಗಳದ ಚರಂಡಿ ನೋಡಿ

ಮಳೆಗಾಲದಲ್ಲಿ ಕೊಡಗಿನ ಮನೆಯ ವಾಷಿಂಗ್ ಮೆಷಿನ್ ಕೆಟ್ಟು ನಿಂತರೆ ಮೆಕ್ಯಾನಿಕ್ ಸಿಗುವುದು ಕಷ್ಟ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದ ಪೇಟೆಯೊಳಗಿದ್ದರೆ ಹೇಗೋ ಬರುತ್ತಾರೆ. ಭಾಗಮಂಡಲದ ಆಚೆ, ಬಿರುನಾಣಿ ಕಡೆ, ಮುಖ್ಯ ರಸ್ತೆ ಬಿಟ್ಟು ತೋಟದೊಳಗೆ ಬರಬೇಕಾದ ಮನೆ ಅಂದರೆ “ಮಳೆ ಸ್ವಲ್ಪ ಬಿಡ್ಲಿ, ಬರ್ತೀನಿ” ಅನ್ನುತ್ತಾರೆ. ಮಳೆ ಬಿಡುವುದು ಸೆಪ್ಟೆಂಬರ್ ಕೊನೆಗೆ.

ಅಲ್ಲಿಯವರೆಗೆ ಡ್ರಮ್ ತುಂಬ ಸೋಪಿನ ನೀರು, ಅದರಲ್ಲಿ ಮುಳುಗಿದ ಬಟ್ಟೆ. ಎರಡು ದಿನ ಬಿಟ್ಟರೆ ಬಾಗಿಲು ತೆಗೆಯೋಕೂ ಆಗದಂಥ ವಾಸನೆ.

ಆದರೆ ನೀರು ಹೊರಗೆ ಹೋಗದಿರುವುದು ಈ ಮೆಷಿನ್‌ಗಳಿಗೆ ಬರುವ ತೊಂದರೆಗಳಲ್ಲಿ ಸುಲಭದ್ದು. ಬಹಳಷ್ಟು ಸಲ ಯಾವ ಪಾರ್ಟೂ ಹಾಳಾಗಿರುವುದಿಲ್ಲ. ಎಲ್ಲೋ ದಾರಿ ಕಟ್ಟಿಕೊಂಡಿರುತ್ತದೆ, ಅಷ್ಟೆ. ಎಲ್ಲಿ ಅಂತ ಹುಡುಕಲು ಹೆಚ್ಚಿನವರು ಮೆಷಿನ್ ಬಿಚ್ಚುವುದರಿಂದ ಶುರು ಮಾಡುತ್ತಾರೆ. ನಮ್ಮ ಕಡೆ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಇದು ತಲೆಕೆಳಗಾದ ಕ್ರಮ. ನೀರು ಕೊನೆಗೆ ಬೀಳುವ ಜಾಗದಿಂದ ಶುರು ಮಾಡಿ, ಹಿಂದಕ್ಕೆ ಮೆಷಿನ್ ಕಡೆಗೆ ಬನ್ನಿ.

ಕೈ ಹಾಕುವ ಮೊದಲು

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ನಮ್ಮಲ್ಲಿ ಮೆಷಿನ್ ಇರುವುದು ಹೆಚ್ಚಾಗಿ ಹಿಂದಿನ ಜಗಲಿಯಲ್ಲಿ ಅಥವಾ ಬಚ್ಚಲು ಪಕ್ಕದಲ್ಲಿ. ನೆಲ ಒದ್ದೆ, ಗೋಡೆ ಥಂಡಿ, ಪ್ಲಗ್ ಪಾಯಿಂಟ್ ಕೂಡ ಬೆವರಿರುತ್ತದೆ. ಕಾಲಿಗೆ ರಬ್ಬರ್ ಚಪ್ಪಲಿ ಇರಲಿ, ಕೈ ಒಣಗಿರಲಿ. ಮೆಷಿನ್ ಮುಟ್ಟಿದಾಗ ಸಣ್ಣದಾಗಿ ಜುಮ್ಮೆನ್ನುತ್ತಿದ್ದರೆ ಅರ್ಥಿಂಗ್ ಸರಿಯಿಲ್ಲ ಎಂದರ್ಥ. ಆಗ ಈ ಲೇಖನ ಪಕ್ಕಕ್ಕಿಟ್ಟು ಮೊದಲು ಎಲೆಕ್ಟ್ರಿಷಿಯನ್‌ರನ್ನು ಕರೆಸಿ.

ಬಿಸಿ ನೀರಿನಲ್ಲಿ ಒಗೆಯಲು ಹಾಕಿದ್ದರೆ ಒಂದೆರಡು ಗಂಟೆ ಆರಲು ಬಿಡಿ. 60 ಡಿಗ್ರಿ ನೀರು ಕೈಮೇಲೆ ಬಿದ್ದರೆ ಸುಡುತ್ತದೆ. ಮೆಷಿನ್ ಇನ್ನೂ ವಾರಂಟಿಯಲ್ಲಿದ್ದರೆ ಪೈಪ್ ನೋಡುವುದು, ಫಿಲ್ಟರ್ ತೊಳೆಯುವುದು ಎರಡನ್ನೇ ಮಾಡಿ. ಅದು ಮನೆಯವರೇ ಮಾಡಬೇಕಾದ ಕೆಲಸ ಅಂತ ಕಂಪನಿಯ ಪುಸ್ತಕದಲ್ಲೇ ಇರುತ್ತದೆ. ಸ್ಕ್ರೂ ಬಿಚ್ಚುವ ಕೆಲಸಕ್ಕೆ ಹೋಗಬೇಡಿ.

ನಿಮ್ಮದು ಯಾವ ಬಗೆ?

ನೀರು ಹೊರಗೆ ಹೋಗುವ ರೀತಿ ಮೂರು ಬಗೆಯ ಮೆಷಿನ್‌ಗಳಲ್ಲೂ ಬೇರೆ ಬೇರೆ. ಇದು ಗೊತ್ತಿಲ್ಲದೆ ಕೈ ಹಾಕಿದರೆ ಇಲ್ಲದ ಫಿಲ್ಟರ್ ಹುಡುಕುತ್ತಾ ಕೂರಬೇಕಾಗುತ್ತದೆ.

ಮುಂದೆ ದುಂಡು ಗಾಜಿನ ಬಾಗಿಲಿರುವ ಫ್ರಂಟ್ ಲೋಡ್‌ನಲ್ಲಿ ತಳದಲ್ಲೊಂದು ಪಂಪ್ ಇದೆ. ಅದು ನೀರನ್ನು ಮೇಲಕ್ಕೆತ್ತಿ ಹೊರಗೆ ತಳ್ಳುತ್ತದೆ. ಮೇಲಿನಿಂದ ಬಟ್ಟೆ ಹಾಕುವ ಫುಲ್ಲಿ ಆಟೋಮ್ಯಾಟಿಕ್ ಟಾಪ್ ಲೋಡ್‌ಗಳಲ್ಲಿ, ನಮ್ಮ ದೇಶದಲ್ಲಿ ಮಾರುವ ಬಹುಪಾಲು ಮಾಡೆಲ್‌ಗಳಿಗೆ ಪಂಪೇ ಇಲ್ಲ. ಒಂದು ಸಣ್ಣ ಮೋಟಾರ್ ತಳದ ವಾಲ್ವನ್ನು ಎಳೆದು ತೆರೆಯುತ್ತದೆ, ನೀರು ತನ್ನ ಪಾಡಿಗೆ ಇಳಿದು ಹೋಗುತ್ತದೆ. ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್‌ನಲ್ಲಿ ವಾಲ್ವ್ ಎಳೆಯುವ ಆ ಮೋಟಾರೂ ಇಲ್ಲ. ನೀವು ತಿರುಗಿಸುವ ಗುಂಡಿಯೇ ಒಂದು ಪಟ್ಟಿಯ ಮೂಲಕ ವಾಲ್ವ್ ಎತ್ತುತ್ತದೆ.

ಕೆಲವು ಮೆಷಿನ್‌ಗಳು ಅಕ್ಷರದಲ್ಲೇ ಹೇಳಿಬಿಡುತ್ತವೆ. ಎಲ್‌ಜಿಯಲ್ಲಿ ಓಇ, ಸ್ಯಾಮ್‌ಸಂಗ್‌ನಲ್ಲಿ 5ಇ ಅಥವಾ 5ಸಿ, ಬಾಷ್ ಫ್ರಂಟ್ ಲೋಡ್‌ನಲ್ಲಿ ಇ18 ಬಂದರೆ ನೀರು ಹೋಗುತ್ತಿಲ್ಲ ಎಂದೇ ಅರ್ಥ. ಯಾಕೆ ಹೋಗುತ್ತಿಲ್ಲ ಅಂತ ಮಾತ್ರ ಅದು ಹೇಳುವುದಿಲ್ಲ.

ಹೊರಗಿನಿಂದ ಒಳಗೆ

ಕೊಡೆ ಹಿಡಿದು ಅಂಗಳಕ್ಕೆ ಇಳಿಯಿರಿ. ಕಾಲಿಗೆ ಜಿಗಣೆ ಹತ್ತೀತು, ನೋಡಿಕೊಳ್ಳಿ. ಮೆಷಿನ್ ನೀರು ಹೋಗುವ ಪಿವಿಸಿ ಪೈಪಿನ ಬಾಯಿ ಎಲ್ಲಿದೆ ಅಂತ ಹುಡುಕಿ. ಹೆಚ್ಚಿನ ಮನೆಗಳಲ್ಲಿ ಅದು ಮನೆ ಸುತ್ತಲಿನ ಚರಂಡಿಗೋ, ತೋಟದ ಕಡೆಗೆ ತೋಡಿದ ಕಾಲುವೆಗೋ ಬಿಟ್ಟಿರುತ್ತದೆ. ಬೇಸಿಗೆಯಲ್ಲಿ ಆ ಬಾಯಿ ಚರಂಡಿಯ ತಳಕ್ಕಿಂತ ಮೇಲಿರುತ್ತದೆ. ಜುಲೈನಲ್ಲಿ ಚರಂಡಿ ತುಂಬಿ ಹರಿಯುವಾಗ ಅದು ನೀರಿನಡಿ ಹೋಗಿರುತ್ತದೆ. ಪಂಪ್ ಇರುವ ಮೆಷಿನ್ ಆದರೂ ಹೇಗೋ ತಳ್ಳೀತು. ಇಳಿಜಾರನ್ನೇ ನಂಬಿರುವ ಟಾಪ್ ಲೋಡ್ ಮತ್ತು ಸೆಮಿ ಆಟೋಮ್ಯಾಟಿಕ್‌ಗೆ ಅಲ್ಲಿಗೇ ಆಟ ಮುಗಿಯಿತು. ಪೈಪಿನೊಳಗೆ ನೀರು ಎದುರು ನಿಂತಿದ್ದರೆ ಮೆಷಿನ್ ನೀರು ಎಲ್ಲಿಗೆ ಹೋಗಬೇಕು?

ಇದಕ್ಕೆ ಪರಿಹಾರ ಪಿಕ್ಕಾಸಿ, ಗುದ್ದಲಿಯೇ ಹೊರತು ಸ್ಕ್ರೂಡ್ರೈವರ್ ಅಲ್ಲ. ಚರಂಡಿಯ ಕೆಳಭಾಗದಲ್ಲಿ ಕಟ್ಟಿಕೊಂಡ ಮಣ್ಣು ತೆಗೆಯಿರಿ. ಮುಂದಿನ ಬೇಸಿಗೆಯಲ್ಲಿ ಪೈಪಿನ ಬಾಯಿಯನ್ನು ಒಂದು ಗೇಣು ಮೇಲೆತ್ತಿಸಿ.

ಎರಡನೆಯದು ಎಲೆ. ಸಿಲ್ವರ್ ಓಕ್ ಮರ ಪಕ್ಕದಲ್ಲಿದ್ದರೆ ಹೇಳುವುದೇ ಬೇಡ. ಅದರ ಎಲೆ ಬೇಗ ಕೊಳೆಯುವುದಿಲ್ಲ. ಸೋಪಿನ ಜಿಡ್ಡು, ಬಟ್ಟೆಯ ಜುಂಗಿನ ಜೊತೆ ಸೇರಿ ಪೈಪಿನ ಬಾಯಲ್ಲಿ ಗಟ್ಟಿ ಬಿರಡೆ ಆಗುತ್ತದೆ. ಕೆಲವರು ಹಾವು, ಇಲಿ ಬಾರದಿರಲಿ ಅಂತ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟುತ್ತಾರೆ. ಜಾಲರಿ ಬೇಕಾದರೆ ಇರಲಿ, ಆದರೆ ವಾರಕ್ಕೊಮ್ಮೆ ಬಿಚ್ಚಿ ತೊಳೆಯಬೇಕು. ಇಲ್ಲದಿದ್ದರೆ ಜುಂಗು ಹಿಡಿದು ಅದೇ ಮುಚ್ಚಳವಾಗುತ್ತದೆ.

ಪೈಪ್ ಒಳಗೇ ಕಟ್ಟಿದೆಯಾ ಅಂತ ತಿಳಿಯಲು ಮೆಷಿನ್ ಕಡೆಯಿಂದ ಒಂದು ಬಕೆಟ್ ನೀರು ಒಮ್ಮೆಲೇ ಸುರಿಯಿರಿ. ಆಚೆ ಬಾಯಲ್ಲಿ ಭರ್ರನೆ ಬಂದರೆ ದಾರಿ ಸರಿಯಿದೆ. ಉಕ್ಕಿ ವಾಪಸ್ ಬಂದರೆ ಎಲ್ಬೋ ಇರುವ ತಿರುವುಗಳಲ್ಲಿ ಹುಡುಕಿ. ಉದ್ದನೆ ಬಿದಿರಿನ ಸೀಳು ಇದಕ್ಕೆ ಚೆನ್ನ. ಬಾಗುತ್ತದೆ, ಮುರಿಯುವುದಿಲ್ಲ, ಪಿವಿಸಿಯನ್ನು ತೂತು ಮಾಡುವುದೂ ಇಲ್ಲ. ಆ್ಯಸಿಡ್ ಸುರಿಯಬೇಡಿ. ಎಲೆ, ಮಣ್ಣಿಗೆ ಅದು ಏನೂ ಮಾಡದು. ಕೆಳಗೆ ತೋಡಿನಲ್ಲಿರುವ ಮೀನಿಗೆ ಮಾತ್ರ ಕೆಡುಕು.

ಮೆಷಿನ್‌ನ ಸ್ವಂತ ಪೈಪು

ಹೊರಗೆ ಸರಿಯಿದ್ದರೆ ಮೆಷಿನ್ ಹಿಂದಿನ ಸುರುಳಿ ಪೈಪ್ ನೋಡಿ. ನೆಲ ಒರೆಸುವಾಗ ಮೆಷಿನ್ ಹಿಂದಕ್ಕೆ ದೂಡಿ ಪೈಪ್ ಗೋಡೆಗೆ ಒತ್ತಿ ಮಡಚಿಕೊಂಡಿರುವುದು ತುಂಬ ಸಾಮಾನ್ಯ.

ಎತ್ತರವೂ ಮುಖ್ಯ. ಫ್ರಂಟ್ ಲೋಡ್‌ನ ಪೈಪ್ ತುದಿ ನೆಲದಿಂದ ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಬೇಕು. ತೀರ ಮೇಲಿದ್ದರೆ ಪಂಪ್‌ಗೆ ತಳ್ಳಲು ಆಗುವುದಿಲ್ಲ. ನೆಲದಲ್ಲಿ ಬಿದ್ದಿದ್ದರೆ ತುಂಬುವ ನೀರೆಲ್ಲ ತಾನಾಗಿ ಸೋರಿ ಹೋಗುತ್ತದೆ. ಪಂಪ್ ಇಲ್ಲದ ಟಾಪ್ ಲೋಡ್‌ಗೆ ಲೆಕ್ಕ ಪೂರ್ತಿ ಉಲ್ಟಾ: ಪೈಪ್ ನೆಲದ ಮೇಲೇ ಮಲಗಿರಬೇಕು, ಎಲ್ಲೂ ಏಳಬಾರದು. ಬಾಗಿಲ ಹೊಸ್ತಿಲು ದಾಟಿಸಿ ಹೊರಗೆ ಬಿಟ್ಟಿದ್ದೀರಾ? ಆ ಹೊಸ್ತಿಲಿನ ಎತ್ತರವೇ ತೊಂದರೆ. ಮೆಷಿನ್ ಕೆಳಗೆ ಗಟ್ಟಿಯಾದ ಸ್ಟ್ಯಾಂಡ್ ಇಟ್ಟರೆ ಸಮಸ್ಯೆ ಮುಗಿಯುತ್ತದೆ.

ಇನ್ನೊಂದು, ಪೈಪ್ ತುದಿಯನ್ನು ಗೋಡೆಯ ಪೈಪಿನೊಳಗೆ ಒಂದಡಿ ತುರುಕಿ, ಜಿರಳೆ ಬರುತ್ತದೆ ಅಂತ ಸುತ್ತ ಎಂಸೀಲ್ ಮೆತ್ತಿಬಿಡುತ್ತಾರೆ. ಗಾಳಿಗೆ ದಾರಿಯಿಲ್ಲದಿದ್ದರೆ ನೀರೂ ಸರಾಗವಾಗಿ ಇಳಿಯದು. ಒಂದು ಗೇಣಿಗಿಂತ ಜಾಸ್ತಿ ಒಳಗೆ ಹಾಕಬೇಡಿ, ಸುತ್ತ ಸ್ವಲ್ಪ ಸಂದು ಇರಲಿ.

ಈಗ ಒಂದು ಪರೀಕ್ಷೆ. ಪೈಪನ್ನು ಗೋಡೆಯಿಂದ ಎಳೆದು ದೊಡ್ಡ ಬಕೆಟ್‌ಗೆ ಬಿಡಿ. ಪಂಪ್ ಇಲ್ಲದ ಮೆಷಿನ್ ಆದರೆ ಜಗಲಿಯ ಮೆಟ್ಟಿಲಿನಿಂದ ಕೆಳಕ್ಕೆ ಬಿಡಿ. ಪ್ಲಗ್ ಹಾಕಿ ಬರೀ ಸ್ಪಿನ್ ಅಥವಾ ಡ್ರೈನ್ ಕೊಡಿ. ನೀರು ರಭಸವಾಗಿ ಬಂದರೆ ಮೆಷಿನ್ ಸರಿಯಿದೆ, ತಪ್ಪು ಗೋಡೆಯಾಚೆ ಇದೆ. ಸಣ್ಣಗೆ ಬಂದರೆ ಅಥವಾ ಬಾರದೇ ಹೋದರೆ ಒಳಗೆ ನೋಡಬೇಕು. ಬಕೆಟ್ ಬೇಗ ತುಂಬುತ್ತದೆ, ಸ್ವಿಚ್ ಹತ್ತಿರ ಒಬ್ಬರು ನಿಂತಿರಲಿ.

ಫ್ರಂಟ್ ಲೋಡ್: ಫಿಲ್ಟರ್

ಪ್ಲಗ್ ಮತ್ತೆ ಕಿತ್ತಿಡಿ. ಮೆಷಿನ್‌ನ ಮುಂದೆ, ಕೆಳಗೆ, ಹೆಚ್ಚಾಗಿ ಬಲಮೂಲೆಯಲ್ಲಿ ಒಂದು ಸಣ್ಣ ಮುಚ್ಚಳ ಇರುತ್ತದೆ. ಅದರೊಳಗೆ ತಿರುಗಿಸುವ ದುಂಡನೆ ಬಿರಡೆ. ಪಕ್ಕದಲ್ಲಿ ಬೆರಳಿನಷ್ಟು ದಪ್ಪದ ರಬ್ಬರ್ ಟ್ಯೂಬೂ ಇದ್ದರೆ ನಿಮ್ಮ ಅದೃಷ್ಟ.

ದುಂಡನೆ ಬಿರಡೆಯನ್ನು ಒಮ್ಮೆಲೇ ತೆಗೆಯಬೇಡಿ. ಡ್ರಮ್ ತುಂಬಿದ್ದರೆ ಹತ್ತು ಹದಿನೈದು ಲೀಟರ್ ನೀರು ಒಳಗಿದೆ, ಅಷ್ಟೂ ನೆಲಕ್ಕೆ ಬರುತ್ತದೆ. ಟ್ಯೂಬಿನ ತುದಿಯ ಬಿರಡೆ ತೆಗೆದು ತಗ್ಗು ಅಂಚಿನ ತಟ್ಟೆಗೆ ನೀರು ಬಿಡಿ. ತಟ್ಟೆ ತುಂಬಿದಾಗ ಬಿರಡೆ ಹಾಕಿ, ಚೆಲ್ಲಿ, ಮತ್ತೆ ಬಿಡಿ. ತಾಳ್ಮೆ ಬೇಕಾದ ಕೆಲಸ. ಟ್ಯೂಬ್ ಇಲ್ಲದ ಮಾಡೆಲ್ ಆದರೆ ಪ್ಲಾಸ್ಟಿಕ್ ಕಸದ ಮೊರವನ್ನು ಬಿರಡೆಯ ಕೆಳಗೆ ಒತ್ತಿ ಹಿಡಿದು, ಬಿರಡೆಯನ್ನು ಕಾಲು ಸುತ್ತು ಸಡಿಲಿಸಿ. ಮೊರ ತುಂಬುತ್ತಿದ್ದಂತೆ ಬಿಗಿ ಮಾಡಿ. ಹಳೇ ಪಂಚೆ, ಗೋಣಿಚೀಲ ಸುತ್ತ ಹಾಸಿರಿ.

ನೀರು ನಿಂತ ಮೇಲೆ ಬಿರಡೆಯನ್ನು ಎಡಕ್ಕೆ ತಿರುಗಿಸುತ್ತಾ ಪೂರ್ತಿ ಹೊರಗೆಳೆಯಿರಿ. ವರ್ಷಗಟ್ಟಲೆ ತೆಗೆಯದಿದ್ದರೆ ಗಟ್ಟಿಯಾಗಿರುತ್ತದೆ. ಇಕ್ಕಳ ಹಾಕಿ ಜಗ್ಗಿದರೆ ಪ್ಲಾಸ್ಟಿಕ್ ಹಿಡಿ ಮುರಿಯುತ್ತದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಸ್ವಲ್ಪ ಹೊತ್ತು ಇಟ್ಟು ನಿಧಾನ ತಿರುಗಿಸಿ.

ಒಳಗೆ ಏನು ಸಿಗುತ್ತದೆ? ಪೇಟೆ ಮನೆಗಳಲ್ಲಿ ನಾಣ್ಯ, ಹೇರ್‌ಪಿನ್, ಮಗುವಿನ ಸಾಕ್ಸ್. ತೋಟದ ಮನೆಗಳಲ್ಲಿ ಇವುಗಳ ಜೊತೆಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಬೀಜ, ಆ ಹೊತ್ತಿಗೇ ಒಳ್ಳೆಮೆಣಸು. ಕಣದಲ್ಲಿ ಕೈಯಾಡಿಸುತ್ತಾ ನಾಲ್ಕು ಬೀಜ ಜೇಬಿಗೆ ಹಾಕಿಕೊಳ್ಳದವರು ಯಾರಿದ್ದಾರೆ? ಅವು ಬಾಗಿಲ ರಬ್ಬರ್ ಮತ್ತು ಡ್ರಮ್ ನಡುವಿನ ಸಂದಿನಿಂದ ಜಾರಿ ತಳಕ್ಕೆ ಬರುತ್ತವೆ. ನೀರಿನಲ್ಲಿ ಉಬ್ಬಿ ಪಂಪಿನ ಬಾಯಲ್ಲೇ ಕೂರುತ್ತವೆ. ಇವುಗಳ ಸುತ್ತ ಕೆಂಪು ಮಣ್ಣು ಮತ್ತು ಜುಂಗು ಸೇರಿ ಒಂದು ಮುದ್ದೆ.

ಫಿಲ್ಟರನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಆದರೆ ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ಫಿಲ್ಟರ್ ಇದ್ದ ಗುಂಡಿಯೊಳಗೆ ನೋಡಿ. ಕೊನೆಯಲ್ಲಿ ಸಣ್ಣ ರೆಕ್ಕೆ ಕಾಣುತ್ತದೆ. ಅದೇ ಪಂಪಿನ ರೆಕ್ಕೆ. ಕೂದಲು, ದಾರ ಸುತ್ತಿಕೊಂಡಿದ್ದರೆ ಇಕ್ಕಳದಿಂದ ಬಿಡಿಸಿ. ಒಡೆದ ಗಾಜು, ಪಿನ್ ಇರಬಹುದು, ಬರಿ ಬೆರಳು ಹಾಕುವ ಮೊದಲು ಚೆನ್ನಾಗಿ ನೋಡಿ.

ಆಮೇಲೆ ಒಂದು ಕಡ್ಡಿಯಿಂದ ರೆಕ್ಕೆಯನ್ನು ತಿರುಗಿಸಿ. ಅದು ಸರಾಗವಾಗಿ ತಿರುಗದೆ ತಡೆತಡೆದು, ಜರ್ಕ್ ಹೊಡೆಯುತ್ತಾ ತಿರುಗಿದರೆ ಗಾಬರಿ ಬೇಡ. ಒಳಗೆ ಆಯಸ್ಕಾಂತ ಇರುವುದರಿಂದ ಅದು ಹಾಗೆಯೇ ತಿರುಗಬೇಕು. “ಪಂಪ್ ಜಾಮ್ ಆಗಿದೆ” ಅಂತ ಒಳ್ಳೆ ಪಂಪನ್ನು ಬದಲಾಯಿಸುವುದು ಹೆಚ್ಚಾಗಿ ಇದು ತಿಳಿಯದೆಯೇ. ಒಂಚೂರೂ ಅಲ್ಲಾಡದಿದ್ದರೆ, ರೆಕ್ಕೆ ಮುರಿದಿದ್ದರೆ, ಇಲ್ಲವೇ ತಡೆಯೇ ಇಲ್ಲದೆ ಸುಮ್ನೆ ಗಿರಗಿರ ತಿರುಗಿದರೆ ಮಾತ್ರ ಪಂಪ್ ಕೆಟ್ಟಿದೆ.

ಫಿಲ್ಟರ್ ವಾಪಸ್ ಹಾಕುವಾಗ ರಬ್ಬರ್ ರಿಂಗ್ ಸರಿಯಾಗಿ ಕೂತಿದೆಯಾ ನೋಡಿ, ಕೈಯಿಂದಲೇ ಬಿಗಿ ಮಾಡಿ. ಒಂದು ಚೊಂಬು ನೀರು ಡ್ರಮ್ಮಿಗೆ ಹಾಕಿ ಸೋರುತ್ತದೆಯಾ ಅಂತ ಪರೀಕ್ಷಿಸಿ, ಆಮೇಲೆ ಪ್ಲಗ್ ಹಾಕಿ ಸ್ಪಿನ್ ಕೊಡಿ. ಬಾಗಿಲು ತೆರೆಯದಿದ್ದರೆ ಜಗ್ಗಬೇಡಿ. ನೀರು ಖಾಲಿಯಾಗಿ ಕರೆಂಟ್ ತೆಗೆದ ಮೇಲೆ ಲಾಕ್ ಬಿಡಲು ಎರಡು ಮೂರು ನಿಮಿಷ ಬೇಕು.

ಪಂಪ್ ಗುಂಯ್ ಅನ್ನುತ್ತೆ, ನೀರು ಬರಲ್ಲ

ಫಿಲ್ಟರ್ ಶುದ್ಧ, ಪೈಪ್ ಶುದ್ಧ. ಆದರೂ ಬರೀ ಶಬ್ದ. ಆಗ ವೋಲ್ಟೇಜ್ ನೋಡಿ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು, ಬಂದ ಕರೆಂಟ್ ಮಂಕಾಗಿರುವುದು ನಮಗೆ ಹೊಸದಲ್ಲ. ವೋಲ್ಟೇಜ್ ತೀರ ಕಡಿಮೆ ಇದ್ದರೆ ಪಂಪ್ ಗುಂಯ್ಗುಟ್ಟುತ್ತದೆಯೇ ಹೊರತು ತಿರುಗದು. ಚೌಕ ಅಲೆಯ ಹಳೇ ಇನ್ವರ್ಟರ್‌ನಲ್ಲಿ ಹಾಕಿದರೂ ಇದೇ ಕಥೆ, ಜೊತೆಗೆ ಬಿಸಿಯಾಗುತ್ತದೆ. ಸ್ಟೆಬಿಲೈಜರ್‌ನ ಮುಳ್ಳು 200ರ ಮೇಲೆ ಬಂದಾಗ ಇನ್ನೊಮ್ಮೆ ಪ್ರಯತ್ನಿಸಿ.

ಶಬ್ದವೇ ಇಲ್ಲದಿದ್ದರೆ ಪಂಪಿನ ಕಾಯಿಲ್ ಸುಟ್ಟಿರಬಹುದು, ಅಥವಾ ವೈರನ್ನು ಇಲಿ ಕಡಿದಿರಬಹುದು. ಮಲ್ಟಿಮೀಟರ್ ಹಿಡಿಯಲು ಬರುವವರು, ಪ್ಲಗ್ ಕಿತ್ತ ಮೇಲೆ, ಪಂಪಿನ ಎರಡು ಪಿನ್‌ಗಳ ನಡುವೆ ಓಮ್ ನೋಡಿ. ಮಾಮೂಲಿ 230 ವೋಲ್ಟ್ ಪಂಪಿನಲ್ಲಿ ನೂರರ ಮೇಲೊಂದು ಅಂಕಿ ಬರುತ್ತದೆ. ಏನೂ ಬಾರದಿದ್ದರೆ ಕಾಯಿಲ್ ತುಂಡಾಗಿದೆ. ಮೀಟರ್ ಗೊತ್ತಿಲ್ಲದವರು ಇಲ್ಲಿಗೆ ನಿಲ್ಲಿಸಿ.

ಟಾಪ್ ಲೋಡ್

ಮೊದಲು ನೀರು ಖಾಲಿ ಮಾಡಿ. ಮೊಗೆದು ಚೆಲ್ಲಬಹುದು. ಮೆಷಿನ್ ಜಗಲಿ ಮೇಲಿದ್ದರೆ ಇನ್ನೂ ಸುಲಭ: ಗಿಡಕ್ಕೆ ನೀರು ಬಿಡುವ ಹೋಸ್ ಪೈಪಿಗೆ ನೀರು ತುಂಬಿ, ಎರಡೂ ತುದಿ ಹೆಬ್ಬೆರಳಲ್ಲಿ ಮುಚ್ಚಿ, ಒಂದು ತುದಿ ತೊಟ್ಟಿಯಲ್ಲಿ ಮುಳುಗಿಸಿ, ಇನ್ನೊಂದನ್ನು ಅಂಗಳಕ್ಕೆ ಇಳಿಸಿ ಬಿಡಿ. ತಾನಾಗಿ ಹರಿಯುತ್ತದೆ.

ಆಮೇಲೆ ಸ್ಪಿನ್ ಕೊಟ್ಟು ಕಿವಿಗೊಡಿ. ಕೆಳಗೆ ಟಿಕ್ ಎಂದು, ಕೆಲವು ಸೆಕೆಂಡು ಸಣ್ಣ ಗುರ್ ಶಬ್ದ ಬಂದರೆ ವಾಲ್ವ್ ಎಳೆಯುವ ಮೋಟಾರ್ ಬದುಕಿದೆ. ಶಬ್ದ ಬಂದೂ ನೀರು ಹೋಗದಿದ್ದರೆ ವಾಲ್ವಿನ ಬಾಯಲ್ಲಿ ಏನೋ ಸಿಕ್ಕಿದೆ. ಶಬ್ದವೂ ಇಲ್ಲ, ಡ್ರಮ್ ಸ್ಪಿನ್ನೂ ಆಗುತ್ತಿಲ್ಲ ಅಂದರೆ ಆ ಮೋಟಾರಿನ ಮೇಲೆಯೇ ಅನುಮಾನ. ಬಹಳಷ್ಟು ಮಾಡೆಲ್‌ಗಳಲ್ಲಿ ವಾಲ್ವ್ ತೆರೆಯುವುದು, ಡ್ರಮ್ಮನ್ನು ಸ್ಪಿನ್‌ಗೆ ಬಿಡುವುದು ಎರಡೂ ಅದೊಂದರದ್ದೇ ಕೆಲಸ.

ವಾಲ್ವ್ ನೋಡಲು ಮೆಷಿನ್ನನ್ನು ಇಬ್ಬರು ಸೇರಿ ಗೋಡೆಗೆ ಒರಗಿಸಬೇಕು. ಒಬ್ಬರು ಹಿಡಿದೇ ಇರಬೇಕು. ಕೆಳಗೆ ಪೈಪ್ ಸೇರುವಲ್ಲಿ ಪ್ಲಾಸ್ಟಿಕ್ ಮುಚ್ಚಳ, ಅದರೊಳಗೆ ಸ್ಪ್ರಿಂಗ್ ಮತ್ತು ಮಡಿಕೆ ಮಡಿಕೆಯ ರಬ್ಬರ್. ತೆಗೆದು, ತೊಳೆದು, ಇದ್ದ ಹಾಗೇ ಹಾಕಿ. ಬಿಚ್ಚುವಾಗ ಹಂತ ಹಂತಕ್ಕೂ ಫೋಟೊ ತೆಗೆದಿಟ್ಟುಕೊಳ್ಳಿ. ಈ ರಬ್ಬರ್ ಹರಿದಿದ್ದರೆ ನೀರು ನಿಲ್ಲದೆ ಸೋರುತ್ತಾ ಇರುತ್ತದೆ, ಅದು ಬೇರೆ ಕಾಯಿಲೆ.

ಸೆಮಿ ಆಟೋಮ್ಯಾಟಿಕ್

ನಮ್ಮ ಕಡೆ ಹೆಚ್ಚು ಮನೆಗಳಲ್ಲಿರುವುದು ಇದೇ. ರಿಪೇರಿಗೂ ಇದೇ ಸುಲಭ. ಪೈಪನ್ನು ಮೇಲಿನ ಕೊಕ್ಕೆಯಿಂದ ಕೆಳಗೆ ಇಳಿಸಿದ್ದೀರಾ? ಮೊದಲು ಅದು. ಒಗೆಯುವ ತೊಟ್ಟಿಯ ಒಳಗೋಡೆಯಲ್ಲಿ ಮೇಲಕ್ಕೆ ಜಾರಿಸಿ ತೆಗೆಯುವ ಜಾಲರಿ ಪಟ್ಟಿ ಇರುತ್ತದೆ. ಅದನ್ನು ತೆಗೆದು ಹಿಂದಿನ ಜುಂಗು ತೊಳೆಯಿರಿ.

ಡ್ರೈನ್ ಗುಂಡಿ ತಿರುಗಿಸುವಾಗ ಹಿಡಿತವೇ ಇಲ್ಲದೆ ಸಡಿಲ ಅನಿಸಿದರೆ ವಾಲ್ವ್ ಎತ್ತುವ ಪಟ್ಟಿ ಕಳಚಿದೆ ಅಥವಾ ತುಂಡಾಗಿದೆ. ಪ್ಲಗ್ ಕಿತ್ತು ಹಿಂದಿನ ಹಲಗೆಯ ಸ್ಕ್ರೂ ಬಿಚ್ಚಿ. ಪಟ್ಟಿ ಕೊಕ್ಕೆಯಿಂದ ಜಾರಿದ್ದರೆ ಸಿಕ್ಕಿಸಿ, ಅಷ್ಟೆ. ತುಂಡಾಗಿದ್ದರೆ ಹೊಸದು ಬರುವವರೆಗೆ ಗಟ್ಟಿ ನೈಲಾನ್ ದಾರ ಕಟ್ಟಿ ನಡೆಸಬಹುದು. ಒಳಗೆ ಕಾಣುವ ಸಿಲಿಂಡರಿನಂಥ ಕೆಪಾಸಿಟರ್ ಮಾತ್ರ ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು.

ನೀರು ಹೋಗದಂತೆ ಕಾಣಿಸುವ ಬೇರೆ ತೊಂದರೆಗಳು

ನೊರೆ. ತೋಡಿನ ನೀರು, ತೆರೆದ ಬಾವಿಯ ನೀರು ನಮ್ಮಲ್ಲಿ ಸಾಮಾನ್ಯವಾಗಿ ಮೆದು. ಸ್ವಲ್ಪ ಪುಡಿಗೂ ಬೇಕಾದಷ್ಟು ನೊರೆ ಬರುತ್ತದೆ. ಪ್ಯಾಕೆಟ್ ಮೇಲಿನ ಅಳತೆ ಗಡಸು ನೀರಿಗೂ ಸೇರಿಸಿ ಬರೆದದ್ದು. ಅಷ್ಟೇ ಹಾಕಿದರೆ ಪಂಪ್ ನೀರಿನ ಬದಲು ನೊರೆ ಕಡೆಯುತ್ತಾ ಕೂರುತ್ತದೆ, ಮೆಷಿನ್ ಸುಮ್ಮನೆ ಎರರ್ ತೋರಿಸುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿ ನೊರೆ ಇಳಿದ ಮೇಲೆ ಮತ್ತೆ ಸ್ಪಿನ್ ಕೊಡಿ. ಮುಂದಿನ ಸಲ ಪುಡಿ ಅರ್ಧ ಸಾಕು. ಬೋರ್‌ವೆಲ್ ನೀರು ಬಳಸುವವರು ಮಾತ್ರ ಬಕೆಟ್‌ನಲ್ಲಿ ಕಲಸಿ ನೋಡಿ ಅಳತೆ ಮಾಡಿಕೊಳ್ಳಿ.

ರೇನ್‌ಕೋಟ್, ಟಾರ್ಪಾಲ್, ವಾಟರ್‌ಪ್ರೂಫ್ ಜಾಕೆಟ್‌ಗಳನ್ನು ಮೆಷಿನ್‌ಗೆ ಹಾಕಲೇಬೇಡಿ. ಅವು ನೀರನ್ನು ಮಡಿಲಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ಪಂಪ್ ಎಷ್ಟು ಓಡಿದರೂ ಆ ನೀರು ಹೋಗದು. ಸ್ಪಿನ್‌ನಲ್ಲಿ ಒಮ್ಮೆಲೇ ಬಿಟ್ಟಾಗ ಮೆಷಿನ್ ಕುಣಿದು ಒಡೆದು ಹೋದೀತು. ಕಂಬಳಿಯೂ ಬೇಡ. ಜುಂಗು ಬಿಟ್ಟು ಫಿಲ್ಟರ್ ಕಟ್ಟಿಸುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ತೋಟದ ಕೆಲಸದ ಬಟ್ಟೆಯನ್ನು ಕಲ್ಲಿನ ಹತ್ತಿರ ಒಮ್ಮೆ ಜಾಲಿಸಿ ಕೆಂಪು ಮಣ್ಣು ಬಿಡಿಸಿ ಹಾಕಿ, ಜೇಬು ಹೊರಮಗ್ಗುಲು ತಿರುಗಿಸಿ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯಲು ಹೋದವರ ಪ್ಯಾಂಟನ್ನಂತೂ ಎರಡೆರಡು ಸಲ ತಡಕಿ.

ನೀರೇ ಇಲ್ಲದಿದ್ದರೂ “ನೀರಿದೆ” ಅಂತ ಮೆಷಿನ್ ಹಟ ಮಾಡಿದರೆ ನೀರಿನ ಮಟ್ಟ ಅಳೆಯುವ ಸಣ್ಣ ಗಾಳಿ ಟ್ಯೂಬ್‌ನಲ್ಲಿ ಸೋಪು ಕಟ್ಟಿರಬಹುದು, ಇಲ್ಲ ಅದರ ಸೆನ್ಸರ್ ಹೋಗಿರಬಹುದು. ಇದು ಮೆಕ್ಯಾನಿಕ್ ಕೆಲಸ. ಇರುವೆ ಗೂಡು ಕಟ್ಟಿದ ಬೋರ್ಡ್ ಕೂಡ ಹಾಗೇ. ಇನ್ನು 2018, 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದ ಹಾಗೆ ಮೆಷಿನ್ ನೆರೆನೀರಲ್ಲಿ ಮುಳುಗಿದ್ದರೆ, ಒಣಗಿದಂತೆ ಕಂಡರೂ ಪ್ಲಗ್ ಹಾಕಿ ನೋಡುವ ಆಸೆ ಬೇಡ. ಬಿಚ್ಚಿ ನೋಡಿದವರು ಸರಿ ಅಂದ ಮೇಲೆಯೇ.

ಕರೆಯಲೇಬೇಕಾದಾಗ

ಫೋನ್ ಮಾಡುವಾಗ “ಮೆಷಿನ್ ಹಾಳಾಗಿದೆ” ಅಂತಷ್ಟೇ ಹೇಳಬೇಡಿ. ಮಾಡೆಲ್ ನಂಬರ್ ಓದಿ ಹೇಳಿ. ಫಿಲ್ಟರ್ ತೊಳೆದಾಗಿದೆ, ಪೈಪ್ ಹೊರಗೆ ಬಿಟ್ಟು ನೋಡಿದೆ, ಪಂಪ್ ಶಬ್ದ ಬರುತ್ತಿದೆ ಅಥವಾ ಇಲ್ಲ ಅಂತ ತಿಳಿಸಿ. ಪಂಪ್ ಕಾಣುವಂತಿದ್ದರೆ ಅದರ ಮೇಲಿನ ಚೀಟಿಯ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿ. ವೋಲ್ಟ್, ವಾಟ್, ಸ್ಕ್ರೂ ಎಷ್ಟಿವೆ ಅನ್ನುವುದು ಅದರಲ್ಲಿ ಕಂಡರೆ ಪಾರ್ಟನ್ನು ಹಿಡಿದುಕೊಂಡೇ ಹೊರಡುತ್ತಾರೆ. ಇಲ್ಲದಿದ್ದರೆ ಒಮ್ಮೆ ನೋಡಲು ಬಂದು, ಪಾರ್ಟ್ ತರಲು ಮೈಸೂರಿಗೆ ಹೇಳಿ, ಮತ್ತೆ ಬರಬೇಕು. ಎರಡು ಸಲದ ಜೀಪ್ ಬಾಡಿಗೆಯೂ ನಿಮ್ಮ ತಲೆಗೇ. ಪಂಪ್ ರೇಟು, ಕೂಲಿ, ಬಂದುಹೋಗುವ ಖರ್ಚು ಮೂರನ್ನೂ ಬೇರೆ ಬೇರೆಯಾಗಿ ಫೋನಿನಲ್ಲೇ ಕೇಳಿಕೊಳ್ಳಿ. ಬದಲಿಸಿದ ಹಳೇ ಪಂಪನ್ನು ಕೊಟ್ಟು ಹೋಗಲು ಹೇಳಿ.